ಸರೋಜಾದೇವಿಯವರ ಗೌರವಗಳಿಗೆ ಹತ್ತು ಚೌಕಟ್ಟು: ಮಡಿಕೇರಿಯ ಒಂದು ಫ್ರೇಮ್ ಅಂಗಡಿಯ ಕೆಲಸ

ಹಿರಿಯ ನಟಿ ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ಬೆಂಗಳೂರಿನಲ್ಲಿ ನಿಧನರಾದಾಗ ಮೂರ್ನಾಡಿನ ನಮ್ಮ ಮಹಿಳಾ ಸಮಾಜದವರು ರಾಜ್ಯೋತ್ಸವದ ದಿನ ಅವರ ನೆನಪಿಗೆ ಒಂದು ಸಣ್ಣ ಪ್ರದರ್ಶನ ಏರ್ಪಡಿಸಬೇಕೆಂದು ತೀರ್ಮಾನಿಸಿದೆವು. ಅವರ ವೃತ್ತಿಜೀವನದಲ್ಲಿ ಬಂದ ಪ್ರಶಸ್ತಿ, ಗೌರವಗಳನ್ನು ಒಂದೊಂದು ಚೌಕಟ್ಟಿನಲ್ಲಿ ಬರೆಸಿ ಸಭಾಂಗಣದ ಗೋಡೆಗೆ ತೂಗುಹಾಕುವ ಯೋಜನೆ ಅದು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳೆಂಬ ಕಾರಣಕ್ಕೆ ಬರಹದ ಹೊಣೆ ನನ್ನ ಪಾಲಿಗೆ ಬಂತು. ಬರಹದ ಜೊತೆಗೆ ಅಂಗಡಿ ಹುಡುಕುವ, ಬೆಲೆ ಮಾತಾಡುವ, ಬಸ್ಸಿನಲ್ಲಿ ಓಡಾಡುವ ಹೊಣೆಯೂ ಬಂತು. ಮಡಿಕೇರಿ ಪೇಟೆಯ ಇಳಿಜಾರು ಬೀದಿಯೊಂದರಲ್ಲಿರುವ ಫ್ರೇಮ್ ಅಂಗಡಿಗೆ ಆಗಸ್ಟ್ ಕೊನೆಯಲ್ಲಿ ಕೆಲಸ ಒಪ್ಪಿಸಿದೆವು. ಮೆಚ್ಚುಗೆಯ ಜೊತೆಗೆ ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಅಂಗಡಿ ಕಿರಿದು. ಮುಂದೆ ಶೀಲ್ಡು, ಕಪ್ಪು, ನೆನಪಿನ ಕಾಣಿಕೆಗಳು. ಹಿಂದೆ ಮರದ ಪಟ್ಟಿ ಕೊಯ್ಯುವ ಯಂತ್ರ. ಪಕ್ಕದಲ್ಲಿ ಹಿತ್ತಾಳೆ ತಗಡಿನ ಮೇಲೆ ಅಕ್ಷರ ಕೊರೆಯುವ ಯಂತ್ರ. ಒಳಗಿನ ಗೋಡೆಯ ತುಂಬ ಸೈನ್ಯದಿಂದ ನಿವೃತ್ತರಾದವರ ಪದಕಗಳನ್ನು ಕೂಡಿಸಿದ ಆಳವಾದ ಪೆಟ್ಟಿಗೆ ಚೌಕಟ್ಟುಗಳು ಸಾಲಾಗಿ ನಿಂತಿದ್ದವು. ಕೊಡಗಿನಲ್ಲಿ ಇದು ಹೊಸ ನೋಟವೇನಲ್ಲ. ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ಈಗ ವಸ್ತುಸಂಗ್ರಹಾಲಯವಾಗಿ ಇದೇ ಊರಿನಲ್ಲಿದೆ; ತೋಟದ ನಡುವಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅಜ್ಜನದೋ ಮಾವನದೋ ಪದಕಗಳು ಗಾಜಿನ ಹಿಂದೆ ಇರುತ್ತವೆ. ಸಿನಿಮಾ ನಟಿಯ ಪ್ರಶಸ್ತಿಗಳಿಗೂ ಈ ಪದಕಗಳಿಗೂ ಏನು ಸಂಬಂಧವೆಂದು ಆಗ ನನಗೆ ಹೊಳೆದಿರಲಿಲ್ಲ. ಆದರೆ ಈ ಅಂಗಡಿಯ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಗುಣ ಬಂದಿರುವುದು ಆ ಪದಕಗಳ ಅಭ್ಯಾಸದಿಂದಲೇ.

ನಾನು ಬರೆದುಕೊಂಡು ಹೋಗಿದ್ದ ಪಟ್ಟಿಯನ್ನು ಅಂಗಡಿಯ ಹಿರಿಯರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಬೆಲೆ ಹೇಳುವ ಮೊದಲೇ, “ಟೀಚರೇ, ಇದರಲ್ಲಿ ಯಾವುದನ್ನು ಯಾರು ಕೊಟ್ಟದ್ದು, ಎಂಥದಕ್ಕೆ ಕೊಟ್ಟದ್ದು ಅಂತ ಬರೆದಿಲ್ಲವಲ್ಲ? ಪದಕ ಕೂಡಿಸುವಾಗ ನಾವು ಅದನ್ನೇ ಮೊದಲು ಕೇಳುವುದು” ಎಂದರು. ಸೈನಿಕನ ಎದೆಯ ಮೇಲೆ ಪದಕಗಳಿಗೆ ಹಿರಿತನದ ಕ್ರಮವಿದೆ. ಅತಿ ಹಿರಿಯದು ಎದೆಯ ನಡುಭಾಗಕ್ಕೆ ಹತ್ತಿರ, ಎಂದರೆ ಎದುರು ನಿಂತು ನೋಡುವವರ ಎಡತುದಿಗೆ ಬರಬೇಕು. ಅದನ್ನು ತಪ್ಪಿಸಿ ಕೂಡಿಸಿದರೆ ಮನೆಗೆ ಬಂದ ಮೊದಲ ನಿವೃತ್ತ ಸುಬೇದಾರರೇ ತಪ್ಪನ್ನು ತೋರಿಸಿಬಿಡುತ್ತಾರಂತೆ. ಅವರ ಮಾತು ಕೇಳಿ ನನ್ನ ಪಟ್ಟಿಯನ್ನು ನಾನೇ ಮತ್ತೊಮ್ಮೆ ನೋಡಿದೆ. ಸರ್ಕಾರದ ಪ್ರಶಸ್ತಿ, ಚಿತ್ರಕ್ಕೆ ಸಂದ ಪ್ರಶಸ್ತಿ, ವಿಶ್ವವಿದ್ಯಾಲಯದ ಪದವಿ, ಅಭಿಮಾನಿಗಳು ಕರೆದ ಬಿರುದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಸುರಿದಿದ್ದೆ. ಪತ್ರಿಕೆಗಳ ಶ್ರದ್ಧಾಂಜಲಿ ಬರಹಗಳಲ್ಲಿ ಇರುವ ಹಾಗೆಯೇ.

ಒಂದು ವಾರ ಕೂತು ಪಟ್ಟಿಯನ್ನು ಬಿಡಿಸಿದೆ. ಮೊದಲು ಎದುರಾದದ್ದು ‘ರಾಷ್ಟ್ರಪ್ರಶಸ್ತಿ ವಿಜೇತೆ’ ಎಂಬ ಮಾತು. 1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದ ಸರೋಜಾದೇವಿಯವರು ಹದಿಹರೆಯದಲ್ಲೇ, 1955ರಲ್ಲಿ, ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ದ ಮೂಲಕ ತೆರೆಗೆ ಬಂದರು, ಆ ಚಿತ್ರಕ್ಕೆ ಕನ್ನಡ ಚಿತ್ರಗಳ ಸಾಲಿನಲ್ಲಿ ರಾಷ್ಟ್ರಮಟ್ಟದ ಮನ್ನಣೆ ಸಿಕ್ಕಿತು. 1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ ರಾಣಿಯ ಪಾತ್ರ ಮಾಡಿದಾಗ ಅವರಿಗೆ ಇಪ್ಪತ್ತಮೂರು ವರ್ಷ; ಅದಕ್ಕೂ ಅಂಥದೇ ಮನ್ನಣೆ ಬಂತು. ಆದರೆ ಎರಡೂ ಸಂದದ್ದು ಚಿತ್ರಗಳಿಗೆ. ಹಾಗಾದರೆ ಚೆನ್ನಮ್ಮನ ಪಾತ್ರಕ್ಕೆ ಅತ್ಯುತ್ತಮ ನಟಿಯೆಂಬ ರಾಷ್ಟ್ರಪ್ರಶಸ್ತಿ ಏಕೆ ಬರಲಿಲ್ಲ ಎಂದು ನಮ್ಮ ಸಮಾಜದ ಕಿರಿಯ ಸದಸ್ಯೆಯೊಬ್ಬರು ಕೇಳಿದರು. ಆಗ ಅಂಥದೊಂದು ಪ್ರಶಸ್ತಿಯೇ ಇರಲಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಟ, ನಟಿಯರಿಗೆ ಪ್ರತ್ಯೇಕ ಪ್ರಶಸ್ತಿ ಕೊಡುವುದು 1967ರ ಚಿತ್ರಗಳಿಂದ ಆರಂಭವಾಯಿತು. ಮೊದಲ ಸಲ ಅದನ್ನು ಪಡೆದವರು ಉತ್ತಮ್ ಕುಮಾರ್ ಮತ್ತು ನರ್ಗಿಸ್. ನಮ್ಮ ರಾಜ್ಯದ ಚಲನಚಿತ್ರ ಪ್ರಶಸ್ತಿಗಳೂ 1966-67ರಿಂದ ಬಂದವು. ಅಷ್ಟರಲ್ಲಿ ಸರೋಜಾದೇವಿಯವರು ಕನ್ನಡ, ತಮಿಳು, ತೆಲುಗು, ಹಿಂದಿಗಳಲ್ಲಿ ನಾಯಕಿಯಾಗಿ ಹನ್ನೆರಡು ವರ್ಷ ದುಡಿದಿದ್ದರು, ತಮಿಳಿನ ‘ನಾಡೋಡಿ ಮನ್ನನ್’ 1958ರಲ್ಲೇ, ಹಿಂದಿಯ ‘ಪೈಗಾಮ್’ 1959ರಲ್ಲೇ ಬಂದು ಹೋಗಿದ್ದವು, ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ಯ ನಾಯಕಿಯೂ ಆಗಿದ್ದರು, 1967ರಲ್ಲಿ ಅವರ ಮದುವೆಯೂ ಆಯಿತು. ಅವರು ಅತಿ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಕಾಲದಲ್ಲಿ ನಟಿಯರಿಗೆಂದು ಸರ್ಕಾರದ ಪ್ರಶಸ್ತಿಯೇ ಇರಲಿಲ್ಲ. ಪ್ರಶಸ್ತಿಗಳು ಹುಟ್ಟಿದ ಮೇಲೆ ಚಿತ್ರಗಳು ವಿರಳವಾದವು. ಆ ತಲೆಮಾರಿನ ನಟಿಯರ ಗೌರವಗಳ ಪಟ್ಟಿ ಚಿಕ್ಕದಾಗಿ ಕಂಡರೆ, ಹೆಚ್ಚಿನವು ವೃತ್ತಿಯ ಸಂಜೆಯಲ್ಲಿ ಬಂದಂತೆ ಕಂಡರೆ, ಕಾರಣ ಇಲ್ಲಿದೆ. ಈ ಸಂಗತಿಗೇ ಒಂದು ಚೌಕಟ್ಟನ್ನು ಮೀಸಲಿಟ್ಟೆವು. ಪ್ರದರ್ಶನಕ್ಕೆ ಬಂದವರು ಹೆಚ್ಚು ಹೊತ್ತು ನಿಂತು ಓದಿದ್ದೂ ಅದನ್ನೇ.

ಅಂಗಡಿಯ ಹಿರಿಯರಿಗೆ ಇದನ್ನು ವಿವರಿಸಿದಾಗ ಅವರು ಹೇಳಿದ ಪರಿಹಾರ ಸರಳವಾಗಿತ್ತು. ಚಿತ್ರಗಳಿಗೆ ಸಂದದ್ದನ್ನು ಕಂದು ಬಣ್ಣದ ಮೌಂಟ್ ಬೋರ್ಡಿನಲ್ಲಿ (ಬರಹದ ಸುತ್ತ ಗಾಜಿನ ಒಳಗೆ ಬರುವ ದಪ್ಪ ರಟ್ಟು), ವ್ಯಕ್ತಿಗೆ ಸಂದದ್ದನ್ನು ಕೆನೆ ಬಣ್ಣದ್ದರಲ್ಲಿ ಕೂಡಿಸಿದರೆ ಓದದವರಿಗೂ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ ಎಂದರು. ಹಾಗೆಯೇ ಮಾಡಿದರು, ಅದಕ್ಕೆ ಹೆಚ್ಚು ಹಣ ಕೇಳಲಿಲ್ಲ.

ಪದ್ಮ ಪ್ರಶಸ್ತಿಗಳ ಎರಡು ಚೌಕಟ್ಟುಗಳ ವಿಷಯದಲ್ಲಿ ನಮ್ಮಿಬ್ಬರ ನಡುವೆ ಸ್ವಲ್ಪ ವಾದವಾಯಿತು. ಸರೋಜಾದೇವಿಯವರಿಗೆ ಪದ್ಮಶ್ರೀ 1969ರಲ್ಲಿ, ಪದ್ಮಭೂಷಣ 1992ರಲ್ಲಿ ಬಂದವು. ಕಮಲದ ಮೇಲೆ ಕೆಳಗೆ ದೇವನಾಗರಿ ಅಕ್ಷರಗಳಿರುವ ಆ ಪದಕದ ಪ್ರತಿಯೊಂದನ್ನು ಲೋಹದಲ್ಲಿ ಎರಕ ಹೊಯ್ಯಿಸಿ ಪೆಟ್ಟಿಗೆ ಚೌಕಟ್ಟಿನಲ್ಲಿ ಕೂಡಿಸಿಕೊಡುವುದಾಗಿ ಅಂಗಡಿಯ ಹುಡುಗ ಉತ್ಸಾಹದಿಂದ ಹೇಳಿದ. ರಾಷ್ಟ್ರದ ಗೌರವವೊಂದರ ನಕಲನ್ನು ತೂಗುಹಾಕುವುದು ನನಗೆ ಸರಿಕಾಣಲಿಲ್ಲ, ಬೇಡವೆಂದೆ. ಹಿರಿಯರು ನನ್ನ ಪರವಾಗಿಯೇ ನಿಂತರು. ಆದರೆ ಅವರೇ ತಯಾರಿಸಿದ ನಾಮಫಲಕದ ಕರಡಿನಲ್ಲಿ ‘ಪದ್ಮಭೂಷಣ ಡಾ. ಬಿ. ಸರೋಜಾದೇವಿ’ ಎಂದಿತ್ತು. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಬಿರುದಿನ ಹಾಗೆ ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ, ಬಾಲಾಜಿ ರಾಘವನ್ ಪ್ರಕರಣದ ತೀರ್ಪಿನಲ್ಲಿ, ಸ್ಪಷ್ಟಪಡಿಸಿದೆ. ಬಿರುದುಗಳನ್ನು ರದ್ದುಪಡಿಸಿದ ಸಂವಿಧಾನದ 18ನೇ ವಿಧಿಗೆ ಈ ಪ್ರಶಸ್ತಿಗಳು ವಿರುದ್ಧವಲ್ಲ, ಆದರೆ ಅವನ್ನು ಬಿರುದಾಗಿ ಬಳಸಿದರೆ ಅದು ತಪ್ಪು ಎಂಬುದು ಅದರ ಸಾರ. “ಎಲ್ಲ ಕಾರ್ಯಕ್ರಮದ ಬ್ಯಾನರಿನಲ್ಲೂ ಹೀಗೇ ಹಾಕಿಸುತ್ತಾರಲ್ಲ ಟೀಚರೇ” ಎಂದರು. ಹಾಕಿಸುತ್ತಾರೆ, ನಿಜ, ನಮ್ಮ ಜಿಲ್ಲೆಯ ಜಾನಪದ ನೃತ್ಯ ಕಲಾವಿದೆ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗಲೂ ಅಂಥ ಬ್ಯಾನರುಗಳನ್ನು ನೋಡಿದ್ದೆ. ಕೊನೆಗೆ ಹೆಸರನ್ನು ಮೇಲಿನ ಸಾಲಿನಲ್ಲಿ, ‘ಪದ್ಮಭೂಷಣ, 1992, ಭಾರತ ಸರ್ಕಾರ’ ಎಂಬುದನ್ನು ಕೆಳಗಿನ ಸಾಲಿನಲ್ಲಿ ಕೊರೆಸಿದೆವು. ನೋಡಲಿಕ್ಕೂ ಅದೇ ಚೆನ್ನಾಗಿದೆ.

ಉಳಿದವುಗಳಲ್ಲಿ ಬೆಂಗಳೂರು ವಿಶ್ವವಿದ್ಯಾಲಯ 2006ರಲ್ಲಿ ನೀಡಿದ ಗೌರವ ಡಾಕ್ಟರೇಟ್ ಮತ್ತು ಕೇಂದ್ರ ಸರ್ಕಾರ 2008ರಲ್ಲಿ ನೀಡಿದ ಜೀವಮಾನ ಸಾಧನೆಯ ಪ್ರಶಸ್ತಿ ಒಂದು ಚೌಕಟ್ಟಿನಲ್ಲಿ ಸೇರಿದವು. 45ನೇ ಮತ್ತು 53ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಳಿಗೆ ಅವರು ಅಧ್ಯಕ್ಷರಾಗಿದ್ದ ವಿಷಯಕ್ಕೆ ಇನ್ನೊಂದು ಚೌಕಟ್ಟು. ಪಡೆದ ಪ್ರಶಸ್ತಿಗಳ ಸಾಲಿನಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ, ಆದರೆ ತಮ್ಮ ಯೌವನದಲ್ಲಿ ಇಲ್ಲದ ಪ್ರಶಸ್ತಿಯನ್ನು ಮುಂದೆ ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಕುರ್ಚಿಯಲ್ಲಿ ಅವರು ಎರಡು ಸಲ ಕೂತದ್ದು ನನಗೆ ದೊಡ್ಡದಾಗಿಯೇ ಕಂಡಿತು. ‘ಅಭಿನಯ ಸರಸ್ವತಿ’ ಎಂದು ಕನ್ನಡಿಗರು, ‘ಕನ್ನಡತ್ತು ಪೈಂಗಿಳಿ’ ಎಂದು ತಮಿಳರು ಕರೆದದ್ದನ್ನು ಜನರ ಬಿರುದುಗಳೆಂದು ಬೇರೆಯಾಗಿಯೇ ಇಟ್ಟೆವು.

ಇದೆಲ್ಲ ಮುಗಿದು ಕೊರೆಯುವ ಕೆಲಸ ಆರಂಭವಾಗುವ ಹೊತ್ತಿಗೆ, ಸೆಪ್ಟೆಂಬರ್ 11ರಂದು, ಸರೋಜಾದೇವಿಯವರಿಗೆ ಮತ್ತು ವಿಷ್ಣುವರ್ಧನ್ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ನೀಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ ಸುದ್ದಿ ಬಂತು. 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಅವರಿಂದ ಮೊದಲಾದ ಆ ಸಾಲಿನಲ್ಲಿ ಇವರೇ ಮೊದಲ ಮಹಿಳೆ. ಒಂಬತ್ತಿದ್ದ ಚೌಕಟ್ಟುಗಳು ಹತ್ತಾದವು. ಕೆಲಸದ ನಡುವೆ ಹೊಸದನ್ನು ಸೇರಿಸಿದರೆ ಮುಖ ಗಂಟಿಕ್ಕುವ ಅಂಗಡಿಗಳನ್ನು ನಾನು ಬಲ್ಲೆ, ಇಲ್ಲಿ ಹಾಗಾಗಲಿಲ್ಲ. “ಇದು ಎಡತುದಿಗೆ ಬರಬೇಕೋ, ಪದ್ಮಭೂಷಣದ ಆಚೆಗೋ?” ಎಂದು ಮಾತ್ರ ಕೇಳಿದರು. ರಾಷ್ಟ್ರದ ಗೌರವಗಳ ನಂತರ ರಾಜ್ಯದ್ದು ಎಂದು ನಾನು, ರಾಜ್ಯದ ಅತ್ಯುನ್ನತ ಪ್ರಶಸ್ತಿಯನ್ನು ರಾಜ್ಯೋತ್ಸವದ ದಿನ ಮೂಲೆಗೆ ಸರಿಸುವುದು ಚೆನ್ನಲ್ಲವೆಂದು ಅವರು. ಕಡೆಗೆ ಸಾಲಿನಿಂದ ಬೇರೆಯಾಗಿ ಬಾಗಿಲಿನ ಎದುರಿಗೆ ಅದೊಂದನ್ನೇ ಹಾಕಿದೆವು.

ಇನ್ನು ಕುಂದುಗಳು. ಮೊದಲನೆಯದು ಕನ್ನಡ ಅಕ್ಷರಗಳದ್ದು. ನಾನು ಬರಹವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸಿ ಕಳುಹಿಸಿದ್ದೆ. ಅವರ ಕೊರೆಯುವ ಯಂತ್ರದ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲವಾದ್ದರಿಂದ ಅದನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಕ್ಕೆ ಪರಿವರ್ತಿಸಿ ಕೊರೆಯುತ್ತಾರೆ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಪಕ್ಕಕ್ಕೆ ಜರುಗುತ್ತದೆ. ಪರಿಣಾಮವಾಗಿ ರಾಜ್ಯದ ಅತ್ಯುನ್ನತ ಗೌರವದ ಹಿತ್ತಾಳೆ ಫಲಕ ‘ಕನಾರ್ಟಕ ರತ್ನ’ ಎಂದು ಹೊಳೆಯುತ್ತ ನನ್ನ ಕೈಗೆ ಬಂತು. ಇನ್ನೊಂದರಲ್ಲಿ ‘ಪ್ರಶಸ್ತಿ’ಯ ತಕಾರ ಎಲ್ಲೋ ಹಾರಿಹೋಗಿತ್ತು. ಮೂರನೆಯದರಲ್ಲಿ ‘ಸರೋಜದೇವಿ’ ಎಂದಿತ್ತು, ಅದು ಯಂತ್ರದ ತಪ್ಪಲ್ಲ. ಮೂರು ಫಲಕಗಳನ್ನೂ ಹಣ ಕೇಳದೆ ಹೊಸದಾಗಿ ಕೊರೆದುಕೊಟ್ಟರು, ಅದು ಸರಿ. ಆದರೆ ಕೊರೆಯುವ ಮೊದಲು ಕಾಗದದ ಮೇಲೆ ಒಂದು ಪ್ರತಿ ತೆಗೆದು ಗಿರಾಕಿಗೆ ತೋರಿಸುವ ಪದ್ಧತಿ ಅಲ್ಲಿಲ್ಲ. ಹೆಸರು, ದರ್ಜೆ, ವರ್ಷಗಳನ್ನು ಇಂಗ್ಲಿಷಿನಲ್ಲಿ ಕೊರೆಸುವವರೇ ಹೆಚ್ಚಾದ್ದರಿಂದ ಇದುವರೆಗೆ ಯಾರೂ ಕೇಳಿಲ್ಲವಂತೆ. ಇದು ನನಗೆ ಒಪ್ಪಿಗೆಯಾಗದ ಸಮಾಧಾನ.

ಎರಡನೆಯದು ತಡ. ಅಕ್ಟೋಬರ್ 10ಕ್ಕೆ ಕೊಡುತ್ತೇವೆಂದವರು ಕೊಟ್ಟದ್ದು 27ಕ್ಕೆ. ಮಡಿಕೇರಿ ದಸರಾದ ಸಮಯದಲ್ಲಿ ಮೆರವಣಿಗೆಯ ದಶಮಂಟಪಗಳ ಸಮಿತಿಗಳ ನೆನಪಿನ ಕಾಣಿಕೆಗಳ ಕೆಲಸ ಇಂಥ ಅಂಗಡಿಗಳ ಮೇಲೆ ಒಮ್ಮೆಲೇ ಬೀಳುವುದು ನನಗೆ ಗೊತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ದಸರಾ ಮುಗಿದು, ತಲಕಾವೇರಿಯ ತೀರ್ಥೋದ್ಭವವೂ ಮುಗಿದ ಮೇಲೆ ನಾನು ಮಾಡಿದ ಫೋನುಗಳನ್ನು ಎತ್ತದೆ ಇದ್ದದ್ದಕ್ಕೆ ಏನು ಹೇಳಬೇಕು? ಎರಡು ಸಲ ಮಳೆಯಲ್ಲಿ ಬಸ್ಸು ಹತ್ತಿ ಹೋಗಿ ವಿಚಾರಿಸಬೇಕಾಯಿತು.

ಚೌಕಟ್ಟಿನ ಕೆಲಸಕ್ಕೆ ಬಂದರೆ ಮೆಚ್ಚದೆ ಇರಲಾಗದು. ಕೊಡಗಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿದ ಯಾವ ಪಟವೂ ಬೂಷ್ಟು ಹಿಡಿಯದೆ ಉಳಿಯುವುದಿಲ್ಲವೆಂಬುದನ್ನು ಬಲ್ಲವರ ಕೈಕೆಲಸ ಇದು. ಬರಹದ ಹಾಳೆ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡಿನ ದಪ್ಪವಿದೆ. ಹಿಂಬದಿಗೆ ತೇವ ಹೀರಿ ಉಬ್ಬುವ ಹಾರ್ಡ್‌ಬೋರ್ಡಿನ ಬದಲು ಅಲ್ಯೂಮಿನಿಯಂ ಪದರದ ಹಾಳೆ ಹಾಕಿದ್ದಾರೆ. ಕೆಳಗಿನ ಎರಡು ಮೂಲೆಗಳಲ್ಲಿ ಬೆಂಡಿನ ಬಿಲ್ಲೆ ಅಂಟಿಸಿರುವುದರಿಂದ ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುತ್ತದೆ. ಮರ ಸಿಲ್ವರ್ ಓಕ್. ತೇಗ ಬೇಕೆಂದರೆ ಅದೂ ಇದೆ, ಬೆಲೆ ಹೆಚ್ಚು. ಮೂಲೆಗಳ ಜೋಡಣೆಯಲ್ಲಿ ಉಗುರು ತೂರಿಸುವಷ್ಟು ಸಂದಿಯೂ ಕಾಣಲಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಕೆಲಸ ಕಂಡದ್ದು ಪೆಟ್ಟಿಗೆ ಚೌಕಟ್ಟಿನಲ್ಲಿ. ನಮ್ಮ ಸದಸ್ಯೆಯೊಬ್ಬರ ಅತ್ತೆಯವರ ಬಳಿ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಹಾಡಿನ ಪುಸ್ತಕ ಒಂದಿದೆ. ಹಿಂದೆಲ್ಲ ಟೆಂಟುಗಳ ಬಾಗಿಲಲ್ಲಿ ಕೆಲವೇ ಪೈಸೆಗೆ ಮಾರುತ್ತಿದ್ದ, ನಾಲ್ಕು ಪುಟದ, ಅಗ್ಗದ ಕಾಗದದ ಹೊತ್ತಗೆ ಅದು. ಅಂಚುಗಳನ್ನು ಬೆಳ್ಳಿಹುಳು ತಿಂದಿದೆ, ಮಡಿಕೆ ಹರಿದಿದೆ. ಅದನ್ನು ಕೊಡಲು ಅವರು ಮೊದಲು ಒಪ್ಪಲೇ ಇಲ್ಲ. ‘ಅಂಟು ಹಾಕಿದರೆ ಮುಗಿಯಿತು’ ಎಂಬುದು ಅವರ ಭಯ. ಅಂಗಡಿಯ ಹಿರಿಯರು ಆ ಹೊತ್ತಗೆಯನ್ನು ಒಂದು ಚೂರೂ ಅಂಟು ತಾಗಿಸದೆ, ನಾಲ್ಕು ಮೂಲೆಗೆ ಪಾರದರ್ಶಕ ಕಾಗದದ ಪುಟ್ಟ ಜೇಬುಗಳನ್ನು ಮಾಡಿ, ಪದಕಗಳ ಹಿಂದೆ ಹಾಕುವ ಕಡುನೀಲಿ ಮಖಮಲ್ಲಿನ ಮೇಲೆ ನಿಲ್ಲಿಸಿದರು. ಹಿಂಬದಿಯ ನಾಲ್ಕು ತಿರುಪು ಬಿಚ್ಚಿದರೆ ಹೊತ್ತಗೆ ಹೇಗಿತ್ತೋ ಹಾಗೆಯೇ ಹೊರಗೆ ಬರುತ್ತದೆ; ಅದನ್ನು ಅತ್ತೆಯವರ ಎದುರೇ ಒಮ್ಮೆ ತೆಗೆದು ತೋರಿಸಿದರು. ಪ್ರದರ್ಶನದ ದಿನ ಅವರು ಬೇರೆ ಯಾವ ಚೌಕಟ್ಟನ್ನೂ ನೋಡದೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಕ್ಕಳು ಯಾರಾದರೂ ಗಾಜು ಮುಟ್ಟಿದರೆ ಗದರುತ್ತಿದ್ದರು.

ವೆಚ್ಚದ ವಿವರ ಹೀಗಿದೆ. 16ಕ್ಕೆ 20 ಅಂಗುಲದ ಒಂಬತ್ತು ಚೌಕಟ್ಟುಗಳಿಗೆ ತಲಾ 950 ರೂಪಾಯಿ, ಪೆಟ್ಟಿಗೆ ಚೌಕಟ್ಟಿಗೆ 3,200, ಹತ್ತು ಹಿತ್ತಾಳೆ ಫಲಕಗಳಿಗೆ ತಲಾ 180; ಒಟ್ಟು 13,550 ರೂಪಾಯಿ. ಫೈಬರ್ ಪಟ್ಟಿಯ ಚೌಕಟ್ಟು ಇದಕ್ಕಿಂತ ಸಾಕಷ್ಟು ಅಗ್ಗಕ್ಕೆ ಸಿಗುತ್ತದೆ. ಒಂದು ದಿನದ ಕಾರ್ಯಕ್ರಮಕ್ಕಾದರೆ ಅದೇ ಸಾಕು. ಶಾಶ್ವತವಾಗಿ ಗೋಡೆಯ ಮೇಲಿರಬೇಕಾದದ್ದಕ್ಕೆ ಈ ಬೆಲೆ ಹೆಚ್ಚೆಂದು ನನಗೆ ಅನಿಸಲಿಲ್ಲ. ಮೂರ್ನಾಡಿನ ತಿರುವುಗಳ ದಾರಿಯಲ್ಲಿ ಜೀಪಿನಲ್ಲಿ ತಂದಾಗ ಒಂದು ಗಾಜೂ ಬಿರುಕು ಬಿಡಲಿಲ್ಲ. ಪ್ರತಿಯೊಂದನ್ನೂ ಥರ್ಮಾಕೋಲ್ ಮತ್ತು ಗೋಣಿತಾಟಿನಲ್ಲಿ ಕಟ್ಟಿಕೊಟ್ಟಿದ್ದರು.

ನವೆಂಬರ್ ನಡುವೆ ಜನರ ಬಿರುದುಗಳ ಚೌಕಟ್ಟಿನ ಗಾಜಿನ ಒಳಗೆ ಮಂಜು ಕಟ್ಟಿದಂತೆ ಕಂಡಿತು. ಅದನ್ನು ಹೊತ್ತು ಮತ್ತೆ ಮಡಿಕೇರಿಗೆ ಹೋದೆ. ಬಿಚ್ಚಿ, ಒಣಗಿಸಿ, ಹಿಂಬದಿಯ ಟೇಪನ್ನು ಹೊಸದಾಗಿ ಹಾಕಿ, ಹಣ ತೆಗೆದುಕೊಳ್ಳದೆ ಅದೇ ದಿನ ಸಂಜೆಗೆ ಕೊಟ್ಟರು. ಮಳೆ ಬಂದು ಬಡಿಯುವ ಹೊರಗೋಡೆಯ ಒಳಮೈಗೆ ಯಾವ ಪಟವನ್ನೂ ಹಾಕಬೇಡಿ, ನಡುಗೋಡೆಗೆ ಹಾಕಿ ಎಂದು ಹೇಳಿ ಕಳುಹಿಸಿದರು. ಕೊಡುವಾಗಲೇ ಹೇಳಬಹುದಾಗಿದ್ದ ಮಾತು.

ಈ ಅಂಗಡಿಗೋ ಇಂಥ ಬೇರೆ ಅಂಗಡಿಗೋ ಗೌರವಗಳ ಫಲಕ ಮಾಡಿಸಲು ಹೋಗುವವರು ಬರಹವನ್ನು ಫೋನಿನಲ್ಲಿ ಕಳುಹಿಸಿ ಸುಮ್ಮನಾಗದೆ ಅಚ್ಚು ಹಾಕಿಸಿದ ಒಂದು ಪ್ರತಿಯನ್ನು ಕೈಯಲ್ಲಿ ಕೊಡಬೇಕು. ಕೊರೆಯುವ ಮುನ್ನ ಕಂಪ್ಯೂಟರಿನ ಪರದೆಯಲ್ಲಿ ಪ್ರತಿ ಅರ್ಕಾವತ್ತನ್ನೂ ಬೆರಳಿಟ್ಟು ನೋಡಬೇಕು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಹೇಳಿದ ದಿನಕ್ಕಿಂತ ಮೂರು ವಾರ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಫಲಕಕ್ಕೆ ಹಾಕುವ ತಿರುಪುಗಳೂ ಹಿತ್ತಾಳೆಯದ್ದೇ ಇರಲಿ ಎಂದು ಮೊದಲೇ ಹೇಳಬೇಕು. ನಮ್ಮ ಹತ್ತರಲ್ಲಿ ಎರಡಕ್ಕೆ ಕಬ್ಬಿಣದವನ್ನು ಹಾಕಿದ್ದಾರೆ. ಹುತ್ತರಿ ಕಳೆಯುವ ಹೊತ್ತಿಗೇ ಅವುಗಳ ಸುತ್ತ ಕೆಂಪು ಕಲೆ ಮೂಡಿದೆ. ಮುಂದಿನ ವಾರ ಆ ಎರಡನ್ನೂ ತೆಗೆದುಕೊಂಡು ಹೋಗಬೇಕು, ಅವರು ಫೋನ್ ಎತ್ತಿದರೆ.